ಕಿವಿಗೆ ಕೇಳದ ಶ್ರುತಿ



ಕಛೇರಿಗೆ ಮುನ್ನ ತಂಬೂರಿಯ ಬಿರಡೆ ತಿರುಗಿಸಿ ಶ್ರುತಿ ಮಾಡುವುದನ್ನು ನೀವು ನೋಡಿರುತ್ತೀರಿ. ‘ಶ್ರುತಿ’ ಎಂದರೆ ಕೇಳಿಸಿಕೊಂಡದ್ದು ಎಂದರ್ಥ. ಆದರೆ ಕಿವಿಗೆ ಕೇಳಿಸದ ಧ್ವನಿಗೂ ಶ್ರುತಿ ಮಾಡಬೇಕೆಂದರೆ ಆಶ್ಚರ್ಯವಲ್ಲವೇ?

ನಮ್ಮ ಕಿವಿಗೆ ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳ ಧ್ವನಿ ಮಾತ್ರ ಕೇಳಿಸುತ್ತದೆ. ಅದಕ್ಕಿಂತ ಮೇಲಿನದು ಶ್ರವಣಾತೀತ ಧ್ವನಿ. ಕ್ಯಾರಿಯ ನಮ್ಮ ಮನೆಗಳ ಮುಂದೆ ನಿಂತಿರುವ ಅನೇಕ ಕಾರುಗಳ ಬಂಪರಿನಲ್ಲಿ ಗುಂಡಿಯಂಥ ಸೆನ್ಸರ್‌ಗಳಿವೆ. ಅವು ಇಂಥ ಧ್ವನಿಯನ್ನು ಕಳುಹಿಸಿ, ಪ್ರತಿಧ್ವನಿ ಬರುವ ಸಮಯದಿಂದ ದೂರವನ್ನು ಅಳೆಯುತ್ತವೆ. ಮಕ್ಕಳ ರೋಬೋಟ್ ಕಿಟ್‌ಗಳಲ್ಲಿಯೂ ಇಂಥದೇ ಸೆನ್ಸರ್ ಇರುತ್ತದೆ. ಅದರ ಆವೃತ್ತಿ ಸಾಮಾನ್ಯವಾಗಿ 40,000 ಹರ್ಟ್ಸ್.

ಸೆನ್ಸರ್‌ನೊಳಗಿನ ಪುಟ್ಟ ಸೆರಾಮಿಕ್ ಬಿಲ್ಲೆ ವಿದ್ಯುತ್ ಕೊಟ್ಟರೆ ಕಂಪಿಸುತ್ತದೆ, ಕಂಪಿಸಿದರೆ ವಿದ್ಯುತ್ ಕೊಡುತ್ತದೆ. ಒತ್ತಿದ ಹರಳಿನಲ್ಲಿ ವಿದ್ಯುತ್ ಹುಟ್ಟುವುದನ್ನು ಕ್ಯೂರಿ ಸಹೋದರರು 1880ರಲ್ಲಿ ಕಂಡುಹಿಡಿದರು. ಪ್ರತಿಯೊಂದು ಬಿಲ್ಲೆಗೂ ತನ್ನದೇ ಆದ ಒಂದು ಆವೃತ್ತಿ ಇದೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಸ್ವಲ್ಪ ಬಲಕ್ಕೇ ಎತ್ತರಕ್ಕೆ ಹೋಗುತ್ತದೆ. ಲಯ ತಪ್ಪಿದರೆ ಎಷ್ಟು ತಳ್ಳಿದರೂ ವ್ಯರ್ಥ. ಹೀಗೆ ಲಯ ಕೂಡುವುದೇ ಅನುನಾದ.

ಅದನ್ನು ಹುಡುಕುವುದು ಹೇಗೆ? ಎರಡು ಸೆನ್ಸರ್‌ಗಳನ್ನು ಎದುರುಬದುರು ಇಟ್ಟು, ಒಂದಕ್ಕೆ ಕೊಡುವ ಆವೃತ್ತಿಯನ್ನು 38,000ದಿಂದ 42,000 ಹರ್ಟ್ಸ್‌ವರೆಗೆ ನಿಧಾನವಾಗಿ ಏರಿಸಬೇಕು. ಇನ್ನೊಂದಕ್ಕೆ ಜೋಡಿಸಿದ ಆಸಿಲೋಸ್ಕೋಪಿನ ಪರದೆಯಲ್ಲಿ ಅಲೆ ಎಲ್ಲಿ ಅತಿ ಎತ್ತರಕ್ಕೇರುತ್ತದೋ ಅದೇ ಆ ಜೋಡಿಯ ಶ್ರುತಿ.

ಬಿಲ್ಲೆಯು ಕೆಪಾಸಿಟರಿನಂತೆಯೂ ವರ್ತಿಸುವುದರಿಂದ ಅದಕ್ಕೆ ತಕ್ಕ ತಂತಿಸುರುಳಿಯೂ ಬೇಕು. ಕೆಪಾಸಿಟೆನ್ಸ್ 2,000 ಪಿಕೋಫ್ಯಾರಡ್ ಇದ್ದರೆ, 40,000 ಹರ್ಟ್ಸ್‌ಗೆ ಸುಮಾರು 8 ಮಿಲಿಹೆನ್ರಿಯ ಸುರುಳಿ ಹೊಂದುತ್ತದೆ. ಸುರುಳಿಯೊಳಗಿನ ಫೆರೈಟ್ ತಿರುಪನ್ನು ಒಳಕ್ಕೆ ತಿರುಗಿಸಿದರೆ ಆವೃತ್ತಿ ಇಳಿಯುತ್ತದೆ, ಹೊರಕ್ಕೆ ತಿರುಗಿಸಿದರೆ ಏರುತ್ತದೆ. ಬಿರಡೆಯಿಂದ ಶ್ರುತಿ ಮಾಡಿದ ಮೇಲೆ ತಂಬೂರಿಯ ಮಣಿ ಸರಿಸಿದಂತೆ!

ಭಾರ ಹೆಚ್ಚಿದರೂ ಶ್ರುತಿ ಇಳಿಯುತ್ತದೆ. ಮೃದಂಗದ ಎಡಭಾಗಕ್ಕೆ ರವೆಯ ಕಣಕ ಮೆತ್ತುವುದು ನಾದವನ್ನು ತಗ್ಗಿಸಲೆಂದೇ. ಸೆನ್ಸರ್ ಮೇಲೆ ಕೆಸರು ಅಥವಾ ಮಂಜುಗಡ್ಡೆ ಅಂಟಿದಾಗಲೂ ಹೀಗೆಯೇ ಆಗುತ್ತದೆ. ಪ್ರತಿಧ್ವನಿ ಕ್ಷೀಣಿಸಿ, ಕಾರಿನ ಹಿಂದೆ ಆಡುತ್ತಿರುವ ಮಗು ಸೆನ್ಸರಿಗೆ ತಿಳಿಯದೇ ಹೋಗಬಹುದು.

ನಾದ ಮತ್ತು ಶ್ರವಣಾತೀತ ಧ್ವನಿ ಎರಡನ್ನೂ ಅಭ್ಯಾಸ ಮಾಡಿದವರು ಸರ್ ಸಿ. ವಿ. ರಾಮನ್. ನಮ್ಮ ವಾದ್ಯಗಳಾದ ಮೃದಂಗ, ತಬಲಾಗಳ ನಾದವನ್ನು ಅವರು ವಿಜ್ಞಾನದ ಕಣ್ಣಿನಿಂದ ನೋಡಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗ, ಶ್ರವಣಾತೀತ ಅಲೆಗಳಿರುವ ದ್ರವದಲ್ಲಿ ಹಾಯುವ ಬೆಳಕು ಹಲವು ಕವಲುಗಳಾಗುವುದು ಏಕೆಂದು 1935-36ರಲ್ಲಿ ಎನ್. ಎಸ್. ನಾಗೇಂದ್ರನಾಥ್ ಅವರೊಡನೆ ವಿವರಿಸಿದರು. ಅದು ‘ರಾಮನ್-ನಾಥ್ ಸಿದ್ಧಾಂತ’ ಎಂದೇ ಪ್ರಸಿದ್ಧವಾಗಿದೆ.

ಪೋಷಕರೇ, ಕಾರು ತೊಳೆಯುವಾಗ ಆ ಗುಂಡಿಗಳನ್ನೂ ಒರೆಸಿ. ಸೆನ್ಸರ್ ಇದೆಯೆಂದು ಹಿಂದಿರುಗಿ ನೋಡುವುದನ್ನು ಮಾತ್ರ ಬಿಡಬೇಡಿ. ಮಕ್ಕಳೇ, ಮುಂದಿನ ಸಲ ತಂಬೂರಿ ಶ್ರುತಿ ಮಾಡುವಾಗ ಹತ್ತಿರ ಕುಳಿತು ಗಮನಿಸಿ. ಭೌತಶಾಸ್ತ್ರದ ಒಂದು ಪಾಠ ಅಲ್ಲಿಯೇ ನಡೆಯುತ್ತಿರುತ್ತದೆ.