ಪೇಟೆಂಟು ಮಾಹಿತಿಕೋಶಗಳ ಆಯ್ಕೆ: ಕಪ್ಪತಗುಡ್ಡದ ಮೂಲಿಕೆಗಳನ್ನು ಕುರಿತು

ಗದಗಿನ ಹತ್ತಿರದ ಬಿಂಕದಕಟ್ಟಿಯಿಂದ ಹೊರಟು ಮುಂಡರಗಿ ತಾಲ್ಲೂಕನ್ನು ಹಾದು ತುಂಗಭದ್ರೆಯ ಕಡೆಗೆ ಚಾಚಿಕೊಂಡಿರುವ ಕಪ್ಪತಗುಡ್ಡವು ಔಷಧಿ ಸಸ್ಯಗಳಿಗೆ ಹೆಸರಾದುದೆಂಬುದು ವಾಚಕರಿಗೆ ವಿದಿತವೇ ಇದೆ. 2019ರಲ್ಲಿ ಸರಕಾರವು ಇದನ್ನು ವನ್ಯಜೀವಿಧಾಮವೆಂದು ಘೋಷಿಸಿತು. ಈ ಗುಡ್ಡದ ಒಂದು ಮೂಲಿಕೆಯ ಉಪಯೋಗವನ್ನು ಪರದೇಶದ ಯಾರಾದರೂ ತಮ್ಮ ಹೊಸ ಶೋಧವೆಂದು ನೋಂದಾಯಿಸಿರುವರೇ ಎಂದು ವಿದ್ಯಾರ್ಥಿಯೊಬ್ಬನು ಕೇಳಿದರೆ ಅವನನ್ನು ಎಲ್ಲಿಗೆ ಕಳುಹಬೇಕು? ಇತಿಹಾಸದ ಅಧ್ಯಾಪಕರಾದ ನಮಗೆ ಈ ಗೊಡವೆ ಏಕೆಂದು ಕೆಲವರು ನಗಬಹುದು. ಆದರೆ ಒಂದು ಸಂಗತಿ ಯಾವ ದಿನಕ್ಕೆ ಮೊದಲೇ ತಿಳಿದಿತ್ತು, ಅದಕ್ಕೆ ಆಧಾರವೇನು ಎಂಬುದೇ ಇಲ್ಲಿಯ ಪ್ರಶ್ನೆ. ಅದು ನಮ್ಮ ಪ್ರಶ್ನೆಯೇ.

ಅರಿಸಿನದ ಪ್ರಕರಣವನ್ನು ನೋಡೋಣ. ಗಾಯ ಮಾಯಿಸಲು ಅರಿಸಿನವನ್ನು ಬಳಸುವ ಬಗೆಗೆ 1995ರ ಮಾರ್ಚಿಯಲ್ಲಿ ಅಮೆರಿಕದ 5,401,504ನೆಯ ಪೇಟೆಂಟು ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ದೊರೆಯಿತು. ನಮ್ಮ ವೈಜ್ಞಾನಿಕ ಮತ್ತು ಔದ್ಯಮಿಕ ಸಂಶೋಧನ ಪರಿಷತ್ತು 1996ರಲ್ಲಿ ಅದನ್ನು ಪ್ರಶ್ನಿಸಿತು. ನಮ್ಮ ಅಜ್ಜಿಯರೆಲ್ಲರಿಗೂ ಇದು ಗೊತ್ತಿತ್ತೆಂಬ ಮಾತು ಅಲ್ಲಿ ನಡೆಯುವಂತಿರಲಿಲ್ಲ. ಪರದೇಶದ ಬಾಯಿಮಾತಿನ ತಿಳಿವಳಿಕೆಯನ್ನು ಅಂದಿನ ಅಮೆರಿಕದ ಕಾಯಿದೆ ಪೂರ್ವಜ್ಞಾನವೆಂದು ಎಣಿಸುತ್ತಿರಲಿಲ್ಲ. ಅಚ್ಚಾದ ಆಧಾರವೇ ಬೇಕಾಗಿತ್ತು. ಪರಿಷತ್ತು ಹಾಜರುಪಡಿಸಿದ ಆಧಾರಗಳಲ್ಲಿ ಪ್ರಾಚೀನ ಸಂಸ್ಕೃತ ಗ್ರಂಥವೂ 1953ರಲ್ಲಿ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಲೇಖನವೂ ಇದ್ದುವು. 1997ರಲ್ಲಿ ತೀರ್ಮಾನವು ಭಾರತದ ಕಡೆಗಾಯಿತು. ಬೇವಿನೆಣ್ಣೆಯಿಂದ ಸಸ್ಯಗಳ ಬೂಷ್ಟನ್ನು ತಡೆಯುವ ಕ್ರಮಕ್ಕೆ ಐರೋಪ್ಯ ಕಚೇರಿ 1994ರಲ್ಲಿ ಕೊಟ್ಟ ಪೇಟೆಂಟು 2000ದಲ್ಲಿ ರದ್ದಾಗಿ, 2005ರ ಮೇಲ್ಮನವಿಯಲ್ಲಿಯೂ ಆ ತೀರ್ಪು ನಿಂತಿತು.

ಇನ್ನು ಮಾಹಿತಿಕೋಶಗಳ ವಿಚಾರ. ಹಣ ಕೊಡದೆ ದೊರೆಯುವವುಗಳಲ್ಲಿ ಐರೋಪ್ಯ ಕಚೇರಿಯ ಎಸ್ಪಾಸೆನೆಟ್, ವಿಶ್ವ ಬೌದ್ಧಿಕ ಸ್ವತ್ತು ಸಂಸ್ಥೆಯ ಪೇಟೆಂಟ್‌ಸ್ಕೋಪ್, ನಮ್ಮ ದೇಶದ ಕಚೇರಿಯ ಇನ್‌ಪಾಸ್, ಗೂಗಲ್ ಪೇಟೆಂಟ್ಸ್ ಇವು ಮುಖ್ಯ. ಚಂದಾ ತೆತ್ತು ಪಡೆಯಬೇಕಾದವು ಡರ್ವೆಂಟ್, ಆರ್ಬಿಟ್, ಎಸ್‌ಟಿಎನ್ ಮೊದಲಾದವು. ಹಣ ಯಾವುದಕ್ಕೆ ಸಲ್ಲುತ್ತದೆಂಬುದನ್ನು ತಿಳಿದುಕೊಳ್ಳಬೇಕು. ಪೇಟೆಂಟು ಬರೆಯುವ ವಕೀಲರು ಹಲವೊಮ್ಮೆ ತಲೆಬರಹವನ್ನು ಬೇಕೆಂದೇ ಅಸ್ಪಷ್ಟವಾಗಿಡುತ್ತಾರೆ. ‘ಒಂದು ಸಂಯೋಜನೆ ಹಾಗೂ ಅದರ ಉಪಯೋಗ’ ಎಂದು ಬರೆದರೆ ಒಳಗೆ ಮಧುನಾಶಿನಿ ಇದೆಯೆಂದು ಯಾರಿಗೆ ತಿಳಿಯಬೇಕು? ಡರ್ವೆಂಟಿನಲ್ಲಿ ವಿಷಯಜ್ಞರು ಪ್ರತಿಯೊಂದು ಶೋಧದ ತಲೆಬರಹವನ್ನೂ ಸಾರಾಂಶವನ್ನೂ ಹೊಸದಾಗಿ ಬರೆದಿಡುತ್ತಾರೆ. ಎಸ್‌ಟಿಎನ್‌ನಲ್ಲಿ ರಾಸಾಯನಿಕದ ಹೆಸರು ಗೊತ್ತಿಲ್ಲದಿದ್ದರೂ ಅದರ ರಚನೆಯ ಚಿತ್ರದಿಂದಲೇ ಹುಡುಕಬಹುದು. ಔಷಧ ಕಾರ್ಖಾನೆಗೆ ಇದು ಅವಶ್ಯ. ನಮ್ಮಂಥ ಕಾಲೇಜಿನ ಗ್ರಂಥಾಲಯವು ಆ ಚಂದಾ ಭರಿಸಲಾರದು. ಮೊದಲ ಶೋಧನೆಗೆ ಅದು ಬೇಕಾಗಿಯೂ ಇಲ್ಲವೆಂದು ನಮ್ಮ ಅಭಿಪ್ರಾಯ. ಎಸ್ಪಾಸೆನೆಟ್‌ನಿಂದ ಆರಂಭಿಸಿ, ಭಾರತದಲ್ಲಿಯ ಅರ್ಜಿಯ ಸ್ಥಿತಿಯನ್ನು ಇನ್‌ಪಾಸ್‌ನಲ್ಲಿ ನೋಡುವುದು ಯುಕ್ತ.

ಆದರೆ ಕೋಶವು ಒಳ್ಳೆಯದಾದ ಮಾತ್ರಕ್ಕೆ ಫಲ ಸಿಕ್ಕುವುದಿಲ್ಲ. ‘ಮಧುನಾಶಿನಿ’ ಎಂದು ಕೊಟ್ಟವನು ಬರಿಗೈಯಲ್ಲಿ ಮರಳಬಹುದು. ಗುಡ್‌ಮಾರ್ ಎಂಬ ಹಿಂದಿಯ ಹೆಸರು, ಜಿಮ್ನೆಮಾ ಸಿಲ್ವೆಸ್ಟ್ರೆ ಎಂಬ ಶಾಸ್ತ್ರೀಯ ನಾಮ, ಜಿಮ್ನೆಮಿಕ್ ಆಮ್ಲ ಇವೆಲ್ಲವನ್ನೂ ಕೊಟ್ಟು ನೋಡಬೇಕು. ಹೆಸರಿಗಿಂತ ವರ್ಗಸಂಖ್ಯೆ ಹೆಚ್ಚು ನಂಬತಕ್ಕದ್ದು. ಸಸ್ಯಜನ್ಯ ಔಷಧಗಳಿಗೆ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಈಗ ಎ61ಕೆ 36 ಎಂಬ ಸಂಖ್ಯೆ ಇದೆ. ಇದು 2006ರಲ್ಲಿ ಬಂದುದು. ಅದಕ್ಕೆ ಮೊದಲಿನ ಪತ್ರಗಳ ಮೇಲೆ ಅಚ್ಚಾಗಿರುವುದು ಎ61ಕೆ 35/78. ಈ ಹಳೆಯ ಸಂಖ್ಯೆಯನ್ನು ಮರೆತರೆ ಅರಿಸಿನದ ಕಾಲದ ಪತ್ರಗಳೇ ಕೈತಪ್ಪಿಯಾವು. ಇನ್ನೊಂದು ಮಿತಿಯುಂಟು: ಅರ್ಜಿಗಳು ಸಾಮಾನ್ಯವಾಗಿ 18 ತಿಂಗಳಾದ ಮೇಲೆ ಪ್ರಕಟವಾಗುವುದರಿಂದ, ನಿನ್ನೆ ಸಲ್ಲಿಸಿದುದು ಎಷ್ಟೇ ಹಣ ತೆತ್ತರೂ ಕಾಣಸಿಗದು.

ಅರಿಸಿನದ ವಿವಾದದ ತರುವಾಯ, 2001ರಲ್ಲಿ, ಭಾರತವು ಪಾರಂಪರಿಕ ಜ್ಞಾನದ ಕೋಶವೊಂದನ್ನು ಕಟ್ಟತೊಡಗಿತು. ಪರದೇಶದ ಪರೀಕ್ಷಕರಿಗಾಗಿ ಕಟ್ಟಿದ ಈ ಕೋಶ ಬಹುಕಾಲ ಪೇಟೆಂಟು ಕಚೇರಿಗಳಿಗೆ ಮಾತ್ರ ತೆರೆದಿತ್ತು. ಉಳಿದವರಿಗೂ ಪ್ರವೇಶ ಕೊಡಲು ಕೇಂದ್ರ ಸಂಪುಟವು 2022ರಲ್ಲಿ ಒಪ್ಪಿತು. ಅದರ ಮೂಲಗ್ರಂಥಗಳು ಮುಖ್ಯವಾಗಿ ಸಂಸ್ಕೃತ, ಅರಬ್ಬಿ, ಪಾರ್ಸಿ, ಉರ್ದು, ತಮಿಳುಗಳವು. ಕನ್ನಡದಲ್ಲಿ ಕೀರ್ತಿವರ್ಮನ ‘ಗೋವೈದ್ಯ’ದಂತಹ, ಮಂಗರಾಜನ ‘ಖಗೇಂದ್ರಮಣಿದರ್ಪಣ’ದಂತಹ ಕೃತಿಗಳಿರುವಾಗ ಈ ಸಾಲಿನಲ್ಲಿ ನಮ್ಮ ನುಡಿ ಕಾಣದಿರುವುದು ನಮಗೆ ಸಲ್ಲದ ಮಾತೆನಿಸುತ್ತದೆ. ಗುಡ್ಡದ ತಪ್ಪಲಿನ ನಾಟಿ ವೈದ್ಯರ ತಿಳಿವಳಿಕೆಯಂತೂ ಗ್ರಂಥಕ್ಕೇ ಏರಿಲ್ಲ.

ನಮ್ಮ ಕಾಯಿದೆ ಈ ವಿಷಯದಲ್ಲಿ ಉದಾರವಾದುದು. 1970ರ ಪೇಟೆಂಟು ಅಧಿನಿಯಮದ 25ನೆಯ ಕಲಮಿನ ಮೇರೆಗೆ ಪೇಟೆಂಟು ಮಂಜೂರಾಗುವ ಮೊದಲು ಯಾರು ಬೇಕಾದರೂ ತಕರಾರು ಹೂಡಬಹುದು. ಸ್ಥಳೀಯ ಸಮುದಾಯದ ಬಾಯಿಮಾತಿನ ಜ್ಞಾನವೂ ಆಧಾರವಾಗಬಲ್ಲುದು. ಆದರೂ ಬಾಯಿಮಾತನ್ನು ರುಜುವಾತುಪಡಿಸಲು ದಿನಾಂಕವುಳ್ಳ ಬರಹವಿದ್ದರೆ ಲೇಸು. ಇಲ್ಲಿಯೇ ತೊಡಕು. ವೈದ್ಯನು ಹೇಳಿದುದನ್ನು ನಾವು ಅಚ್ಚುಮಾಡಿದರೆ ಪರರ ಪೇಟೆಂಟಿಗೆ ತಡೆಯಾಗುತ್ತದೆ, ನಿಜ. ಅದೇ ಗಳಿಗೆಯಲ್ಲಿ ಅವನ ಮನೆತನದ ಗುಟ್ಟು ಜಗತ್ತಿನ ಪಾಲಾಗುತ್ತದೆ. 2002ರ ಜೀವವೈವಿಧ್ಯ ಅಧಿನಿಯಮದಂತೆ ಗ್ರಾಮಮಟ್ಟದ ಸಮಿತಿಗಳು ಇಡಬೇಕಾದ ಜನತಾ ದಾಖಲೆಗಳಲ್ಲಿ ಈ ಜ್ಞಾನವನ್ನು ಬರೆದಿಡಲು ಅವಕಾಶವಿದೆ. ಏನನ್ನು ಬರೆಸಬೇಕು, ಏನನ್ನು ಬಿಡಬೇಕೆಂಬುದನ್ನು ಹೇಳುವವನೇ ನಿರ್ಧರಿಸಲಿ. ವಿದ್ಯಾರ್ಥಿಯು ಅವನ ಒಪ್ಪಿಗೆಯನ್ನು ಮೊದಲು ಪಡೆದು, ಆಮೇಲೆ ಬರೆಯತೊಡಗಲಿ.