ಬಯಲು ಕಛೇರಿಯಲ್ಲಿ ಡ್ರಮ್ಮಿನ ಸದ್ದು ತಡವಾಗಿ ಕೇಳುವುದೇಕೆ?

ಬಯಲಿನ ರಾಕ್ ಕಛೇರಿಯಲ್ಲಿ ಹಿಂದೆ ನಿಂತವರಿಗೆ ಡ್ರಮ್ಮರನ ಕೋಲು ಮೊದಲು ಬಿದ್ದು, ಏಟಿನ ಸದ್ದು ಆಮೇಲೆ ಬಂದಂತೆ ತೋರುವುದು ಭ್ರಮೆಯಲ್ಲ. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್ ಅಷ್ಟೇ. 100 ಮೀಟರ್ ದಾಟಲು ಅದಕ್ಕೆ ಹತ್ತಿರಹತ್ತಿರ 0.3 ಸೆಕೆಂಡು ಬೇಕು. ಬೆಳಕಿಗೆ ಆ ದೂರ ಲೆಕ್ಕಕ್ಕೇ ಇಲ್ಲ. ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ನುಡಿಸಿದಾಗಲೂ ಬೇಲಿಗೆ ಆತುಕೊಂಡ ಕಟ್ಟಾ ಅಭಿಮಾನಿ ಮತ್ತು ಹಿಂಬದಿಯವನು ಒಂದೇ ಹಾಡನ್ನು ಒಂದೇ ಕ್ಷಣದಲ್ಲಿ ಕೇಳಿರಲಾರರು.

ದೊಡ್ಡ ಮೈದಾನಗಳಲ್ಲಿ ನಡುವೆ ಗೋಪುರ ಕಟ್ಟಿ ಹೆಚ್ಚುವರಿ ಸ್ಪೀಕರ್ ತೂಗಿಸುತ್ತಾರೆ. ತಂತಿಯಲ್ಲಿ ಬರುವ ಸಂಕೇತ ಗಾಳಿಯ ಸದ್ದಿಗಿಂತ ಎಷ್ಟೋ ಬೇಗ ತಲುಪುವುದರಿಂದ ಅದನ್ನು ಬೇಕೆಂದೇ ತಡೆದು ಬಿಡಬೇಕು. ಇಲ್ಲವಾದರೆ ಒಂದೇ ಏಟು ಎರಡು ಸಲ ಕೇಳಿ ಹಾಡು ಕಲಸುಮೇಲೋಗರವಾಗುತ್ತದೆ. ಬಿಸಿಗಾಳಿಯಲ್ಲಿ ಸದ್ದು ತುಸು ಬೇಗ ಚಲಿಸುತ್ತದೆ. ಹಾಗಾಗಿ ಮಧ್ಯಾಹ್ನ ಹೊಂದಿಸಿದ ಲೆಕ್ಕವನ್ನು ರಾತ್ರಿ ತಿದ್ದಬೇಕಾಗುವುದೂ ಉಂಟು.