‘ಮೂರು ತಿಂಗಳ ಶುಗರ್’ ಮತ್ತು ಕೆಂಪು ಕಣದ ಆಯುಸ್ಸು

ಹಿಂದಿನ ದಿನ ಪಥ್ಯ ಮಾಡಿ ಲ್ಯಾಬಿಗೆ ಹೋದರೆ ಖಾಲಿ ಹೊಟ್ಟೆಯ ಶುಗರ್ ಇಳಿದೀತು, ಎಚ್‌ಬಿಎ1ಸಿ ಇಳಿಯದು. ಮಧುಮೇಹಿಗಳ ಮನೆಗಳಲ್ಲಿ ‘ಮೂರು ತಿಂಗಳ ಶುಗರ್’ ಎಂದೇ ಹೆಸರಾದ ಈ ಪರೀಕ್ಷೆಯಲ್ಲಿ 6.5 ಮುಟ್ಟಿದರೆ ಮಧುಮೇಹ ಎಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಒಪ್ಪಿತು.

ಆದರೆ ಇದು ಸಕ್ಕರೆಯನ್ನು ನೇರವಾಗಿ ಅಳೆಯುವುದಿಲ್ಲ. ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್‌ಗೆ ಎಷ್ಟು ಗ್ಲೂಕೋಸ್ ಮೆತ್ತಿಕೊಂಡಿದೆ ಎಂದು ನೋಡುತ್ತದೆ, ಅಷ್ಟೆ. ಅಸ್ಥಿಮಜ್ಜೆಯಿಂದ ಹೊರಟ ಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟು ದಿನವೂ ಸಕ್ಕರೆ ಮೆತ್ತುತ್ತಲೇ ಇರುತ್ತದೆ. ಮಧುಮೇಹಿಗಳಲ್ಲಿ ಈ ಹಿಮೋಗ್ಲೋಬಿನ್ ಹೆಚ್ಚಿರುವುದನ್ನು 1960ರ ದಶಕದ ಕೊನೆಗೆ ಕಂಡುಕೊಂಡವರು ಇರಾನಿನ ಸ್ಯಾಮ್ಯುಯೆಲ್ ರಹಬರ್.

ಕಣದ ಆಯುಸ್ಸು ಬದಲಾದರೆ ಲೆಕ್ಕವೂ ಕೆಡುತ್ತದೆ.

ಚಾಮರಾಜನಗರದ ಸೋಲಿಗರಲ್ಲಿ ಕಾಣುವ ಸಿಕಲ್ ಸೆಲ್ ಕಾಯಿಲೆಯನ್ನೇ ನೋಡಿ. ಕುಡುಗೋಲಿನಂತೆ ಬಾಗಿದ ಕಣ ಹತ್ತಿಪ್ಪತ್ತು ದಿನಕ್ಕೇ ಒಡೆದುಹೋಗುತ್ತದೆ, ಸಕ್ಕರೆ ಮೆತ್ತಲು ಪುರಸೊತ್ತೇ ಇಲ್ಲ. ಅಂಥವರಲ್ಲಿ ಎಚ್‌ಬಿಎ1ಸಿ ನಂಬಿ ಕೂರುವುದು ಅಪಾಯ.

ಕಬ್ಬಿಣದ ಕೊರತೆಯಲ್ಲಿ ಆಗುವುದು ಇದರ ತಿರುವುಮುರುವು. ಹೊಸ ಕಣಗಳ ಹುಟ್ಟು ನಿಧಾನವಾಗಿ, ಹಳೆಯವೇ ಹೆಚ್ಚು ಉಳಿದು, ಅಂಕಿ ಸುಳ್ಳೇ ಏರುತ್ತದೆ. ಹಿಮೋಗ್ಲೋಬಿನ್ 8, ಖಾಲಿ ಹೊಟ್ಟೆಯ ಶುಗರ್ 92, ಎಚ್‌ಬಿಎ1ಸಿ ಮಾತ್ರ 6.6 ಎಂದು ಬಂದರೆ, ಮಧುಮೇಹದ ಮಾತ್ರೆಗಿಂತ ಮೊದಲು ಕಬ್ಬಿಣದ ಬಗ್ಗೆ ಯೋಚಿಸಬೇಕು. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ ಎನ್ನುತ್ತದೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಹಾಗಾಗಿ ಇದು ಅಪರೂಪದ ಸಮಸ್ಯೆಯೇನಲ್ಲ. ಊಟದ ಬೆನ್ನಿಗೇ ಕುಡಿಯುವ ಕಾಫಿ, ಟೀ ಸೊಪ್ಪುಕಾಳಿನ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಪಲ್ಯಕ್ಕೆ ಹಿಂಡಿದ ನಿಂಬೆಹಣ್ಣು ಹತ್ತಿಸುತ್ತದೆ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವ ಸಸ್ಯಾಹಾರಿಗಳಲ್ಲಿ ಬಿ12 ಕುಸಿಯುತ್ತದೆ, ಅದರಿಂದಲೂ ಅಂಕಿ ಏರಬಹುದು.

ಹಾರ್ಮೋನುಗಳ ಪಾತ್ರವೂ ಇದೆ. ರಾತ್ರಿ ಬರೀ ಮಜ್ಜಿಗೆ ಕುಡಿದು ಮಲಗಿದವರಿಗೂ ಬೆಳಿಗ್ಗೆ ಶುಗರ್ ಏರಿರುವುದುಂಟು: ನಸುಕಿನಲ್ಲಿ ಕಾರ್ಟಿಸಾಲ್ ಮತ್ತು ಬೆಳವಣಿಗೆಯ ಹಾರ್ಮೋನ್ ಯಕೃತ್ತಿನಿಂದ ಗ್ಲೂಕೋಸ್ ಬಿಡಿಸುತ್ತವೆ. ಅದಕ್ಕೆ ಪಥ್ಯ ಮುರಿದರೆಂದು ಮನೆಯವರು ಬೈಯುವುದು ಅನ್ಯಾಯ. ಇನ್ನು ರಕ್ತಕಣ ತಯಾರಿಸಲು ಮಜ್ಜೆಗೆ ಹೇಳುವ ಎರಿತ್ರೋಪೊಯೆಟಿನ್ ಹುಟ್ಟುವುದು ಮೂತ್ರಪಿಂಡದಲ್ಲಿ. ಮಧುಮೇಹ ಮೂತ್ರಪಿಂಡವನ್ನು ಹಾಳುಗೆಡವಿದರೆ ಆ ಹಾರ್ಮೋನ್ ತಗ್ಗಿ ರಕ್ತವೂ ಕಡಿಮೆಯಾಗುತ್ತದೆ. ಅದಕ್ಕಾಗಿ ಇಂಜೆಕ್ಷನ್ ಕೊಟ್ಟಾಗ ಎಳೆಯ ಕಣಗಳು ತುಂಬಿಕೊಂಡು ಎಚ್‌ಬಿಎ1ಸಿ ಇಳಿಯುತ್ತದೆ, ಸಕ್ಕರೆ ಮಾತ್ರ ಇದ್ದಷ್ಟೇ ಇರುತ್ತದೆ.

ಇಂಥ ಕಡೆ ವೈದ್ಯರು ಫ್ರಕ್ಟೋಸಮೀನ್ ಬರೆದುಕೊಡುವುದುಂಟು. ಅದು ರಕ್ತದ ಪ್ರೋಟೀನಿಗೆ ಅಂಟಿದ ಸಕ್ಕರೆಯಿಂದ ಎರಡು–ಮೂರು ವಾರದ ಸ್ಥಿತಿ ಹೇಳುತ್ತದೆ. ಮೂತ್ರದಲ್ಲಿ ವಿಪರೀತ ಪ್ರೋಟೀನ್ ಹೋಗುತ್ತಿರುವವರಲ್ಲಿ ಅದೂ ಕೈಕೊಡುತ್ತದೆ. ಅವರು ಊಟಕ್ಕೆ ಮುಂಚೆ, ಊಟವಾಗಿ ಎರಡು ಗಂಟೆಗೆ ಗ್ಲುಕೋಮೀಟರಿನಲ್ಲಿ ನೋಡಿ ಬರೆದಿಟ್ಟ ಅಂಕಿಗಳನ್ನೇ ವೈದ್ಯರಿಗೆ ತೋರಿಸಬೇಕು.